ರಸೀದಿಯಲ್ಲಿ ‘ವಿಂಟರೈಸ್ ಆಗಿದೆ’ ಎಂದಿದ್ದರೂ ನಮ್ಮ ಆರ್‌ವಿಯ ವಾಷಿಂಗ್ ಮೆಷಿನ್ ಒಡೆದುಹೋಯಿತು

ಹೋದ ವರ್ಷ ಏಪ್ರಿಲ್ ಕೊನೆಯಲ್ಲಿ, ಅಮೆರಿಕದ ಮಿನೆಸೋಟ ರಾಜ್ಯದ ಹಿಮವೆಲ್ಲ ಕರಗಿದ ಮೇಲೆ, ಆರು ತಿಂಗಳಿನಿಂದ ನಿಂತಿದ್ದ, ಒಳಗೇ ವಾಸಿಸುವಂತೆ ಮನೆಯ ಸೌಕರ್ಯಗಳಿರುವ ನಮ್ಮ ಗಾಡಿಗೆ, ಅಂದರೆ ಆರ್‌ವಿಗೆ ನೀರಿನ ಹೋಸ್ ಜೋಡಿಸಿದೆ. ನಲ್ಲಿಗಳಲ್ಲಿ ನೀರು ಸರಿಯಾಗಿಯೇ ಬಂತು. ಹತ್ತು ನಿಮಿಷವೂ ಆಗಿರಲಿಲ್ಲ, ಮಲಗುವ ಕೋಣೆಯ ಕಪಾಟಿನಲ್ಲಿ ಕೂರಿಸಿರುವ ವಾಷಿಂಗ್ ಮೆಷಿನ್ನಿನ ಅಡಿಯಿಂದ ನೀರು ಹರಿದು ಬಂದು ಕಾರ್ಪೆಟ್ಟಿನ ಅಂಚು ಕಪ್ಪಾಗತೊಡಗಿತು. ನೀರು ನಿಲ್ಲಿಸಿ, ಮೆಷಿನ್ನನ್ನು ಈಚೆಗೆ ಎಳೆದು, ಟಾರ್ಚ್ ಹಿಡಿದು ನೋಡಿದಾಗ ಹಿಂಬದಿಯ ಬಿಳಿ ಪ್ಲಾಸ್ಟಿಕ್ ವಾಲ್ವಿನ ಮೈಮೇಲೆ ಕೂದಲೆಳೆಯಷ್ಟು ತೆಳುವಾದ ಬಿರುಕು ಕಂಡಿತು. ಹೆಂಡತಿ ನೀರನ್ನು ಒಮ್ಮೆ ತಿರುಗಿಸಿದ ಕೂಡಲೇ ಆ ಬಿರುಕಿನಿಂದ ಸೂಜಿಯಂತೆ ಚಿಮ್ಮಿದ ನೀರು ನೇರವಾಗಿ ನನ್ನ ಕನ್ನಡಕಕ್ಕೆ ಬಡಿಯಿತು.

ಅಕ್ಟೋಬರಿನಲ್ಲಿಯೇ ಒಂದು ಸರ್ವಿಸ್ ಸೆಂಟರಿಗೆ ದುಡ್ಡು ಕೊಟ್ಟು ಚಳಿಗಾಲದ ಸಿದ್ಧತೆ, ಅಂದರೆ ಉಳಿದ ನೀರು ಹೆಪ್ಪುಗಟ್ಟಿ ಕೊಳವೆಗಳು ಒಡೆಯದಂತೆ ಮಾಡುವ ‘ವಿಂಟರೈಸಿಂಗ್’, ಮಾಡಿಸಿದ್ದೆ. ‘ವಿಂಟರೈಸ್ ಆಗಿದೆ’ ಎಂಬ ರಸೀದಿಯೂ ನನ್ನ ಬಳಿ ಇತ್ತು. ವಿಚಾರಿಸಿದಾಗ ಅವರು ಅದೇ ರಸೀದಿಯ ಹಿಂಬದಿಯನ್ನು ತೋರಿಸಿದರು: ವಾಷಿಂಗ್ ಮೆಷಿನ್ ಮತ್ತು ಡಿಶ್‌ವಾಷರ್‌ಗಳಿಗೆ ಪ್ರತ್ಯೇಕ ಶುಲ್ಕ, ಅದೂ ಕೇಳಿದರೆ ಮಾತ್ರ, ಎಂದು ಸಣ್ಣಕ್ಷರದಲ್ಲಿ ಅಚ್ಚಾಗಿತ್ತು. ಗಾಡಿಯೊಳಗೆ ಆ ಎರಡೂ ಇರುವುದು ಅವರಿಗೆ ಕಾಣದೇ ಇರಲಿಲ್ಲ. ಒಂದು ಮಾತು ಕೇಳಬಹುದಿತ್ತು ಎಂಬ ಸಿಟ್ಟು ನನಗೆ ಇನ್ನೂ ಇದೆ. ನನ್ನ ವಿಮೆಯೂ ಹೆಪ್ಪುಗಟ್ಟಿ ಆದ ಹಾನಿಯನ್ನು ಭರಿಸಲಿಲ್ಲ.

ಅವರು ಮಾಡಿದ್ದು ಕಂಪ್ರೆಸರಿನಿಂದ ಗಾಳಿ ಊದಿ ಕೊಳವೆಗಳ ನೀರನ್ನು ನಲ್ಲಿಗಳ ಮೂಲಕ ಹೊರಹಾಕುವ ಕೆಲಸ. ನಲ್ಲಿಯಾದರೆ ಕೈಯಿಂದ ತಿರುಗಿಸಿದರೆ ತೆರೆದುಕೊಳ್ಳುತ್ತದೆ. ಈ ಯಂತ್ರಗಳ ವಾಲ್ವ್ ಹಾಗಲ್ಲ. ಯಂತ್ರಕ್ಕೆ ವಿದ್ಯುತ್ ಇದ್ದು, ಅದು ನೀರು ಬೇಕೆಂದಾಗ ಮಾತ್ರ ತೆರೆಯುತ್ತದೆ. ಹೀಗಾಗಿ ಮೆಷಿನ್ನಿನ ಹಿಂದೆ ಜೋತುಬಿದ್ದಿರುವ ಹೋಸಿನಲ್ಲಿ, ವಾಲ್ವಿನಲ್ಲಿ, ತಳದ ಡ್ರೈನ್ ಪಂಪಿನಲ್ಲಿ ಮತ್ತು ಕೊಳೆನೀರು ಇಳಿಯುವ ಬಾಗಿದ ಕೊಳವೆಯಲ್ಲಿ ನೀರು ಇದ್ದಲ್ಲೇ ಉಳಿಯುತ್ತದೆ. ನೀರು ಮಂಜುಗಡ್ಡೆಯಾಗುವಾಗ ಗಾತ್ರದಲ್ಲಿ ಸುಮಾರು ಶೇಕಡಾ 9ರಷ್ಟು ಹಿಗ್ಗುತ್ತದೆ. ಜನವರಿಯ ರಾತ್ರಿಗಳಲ್ಲಿ ಮೈನಸ್ 25 ಡಿಗ್ರಿ ಸೆಲ್ಸಿಯಸ್‌ಗೆ ಇಳಿಯುವ ಊರಿನಲ್ಲಿ ಪ್ಲಾಸ್ಟಿಕ್ ಅದನ್ನು ತಡೆದೀತೇ? ವಾಲ್ವ್ ಬದಲಿಸಿದ ಮೇಲೆ ನೋಡಿದರೆ ಪಂಪ್ ಕೂಡ ಸೀಳಿತ್ತು, ಡಿಶ್‌ವಾಷರಿನ ವಾಲ್ವಿನದೂ ಅದೇ ಗತಿಯಾಗಿತ್ತು.

ಈ ಬಾರಿ ಕೆಲಸವನ್ನು ನಾನೇ ಮಾಡಿದೆ. ಮೊದಲು ಟ್ಯಾಂಕುಗಳನ್ನೂ ಕೊಳವೆಗಳನ್ನೂ ಬರಿದು ಮಾಡಿದೆ. ನೀರಿನ ಬದಲು ತುಂಬಿಸುವ, ಚಳಿಯಲ್ಲೂ ಕೊಳವೆ ಒಡೆಯದಂತೆ ಕಾಯುವ ಗುಲಾಬಿ ದ್ರವವೇ ಆಂಟಿಫ್ರೀಜ್; ನೀರು ಉಳಿದಷ್ಟೂ ಅದು ತೆಳುವಾಗುತ್ತದೆ. ವಾಟರ್ ಹೀಟರನ್ನು ಬರಿದು ಮಾಡಿ ಬೈಪಾಸ್ ವಾಲ್ವ್ ತಿರುಗಿಸಿದೆ; ಅದನ್ನು ಮರೆತರೆ ಕ್ಯಾನುಗಟ್ಟಲೆ ಆಂಟಿಫ್ರೀಜ್ ಹೀಟರಿನ ಹೊಟ್ಟೆ ಸೇರುತ್ತದೆ. ಆಮೇಲೆ ಗಾಡಿಯ ನೀರಿನ ಪಂಪಿನ ಹೀರುಕೊಳವೆಯನ್ನು ಆಂಟಿಫ್ರೀಜ್ ಕ್ಯಾನಿನಲ್ಲಿ ಇಳಿಬಿಟ್ಟು, ಎಲ್ಲ ನಲ್ಲಿಗಳಲ್ಲೂ ಗುಲಾಬಿ ದ್ರವ ಬಂದ ಬಳಿಕ, ಗಾಡಿಗೆ ಕರೆಂಟ್ ಕೊಟ್ಟು ಮೆಷಿನ್ನನ್ನು ಬಿಸಿನೀರಿನ ಸುತ್ತಿಗೆ ಹಾಕಿ ಡ್ರಮ್ಮಿನೊಳಗೆ ಗುಲಾಬಿ ಬಣ್ಣ ಕಾಣುವವರೆಗೆ ಕಾದೆ. ತಣ್ಣೀರಿನ ಸುತ್ತಿಗೂ ಹಾಗೆಯೇ ಮಾಡಬೇಕು, ಏಕೆಂದರೆ ಎರಡಕ್ಕೂ ಬೇರೆ ಬೇರೆ ವಾಲ್ವ್ ಇರುತ್ತದೆ. ಕೊನೆಗೆ ಸ್ಪಿನ್ ಹಾಕಿದರೆ ಅದೇ ದ್ರವ ಪಂಪನ್ನೂ ಬಾಗಿದ ಕೊಳವೆಯನ್ನೂ ತುಂಬುತ್ತದೆ. ಡಿಶ್‌ವಾಷರಿಗೂ ತುಂಬಿಸಿ ಹೊರಬಿಡುವ ಇದೇ ಕ್ರಮ ಸಾಕಾಯಿತು. ಎಲ್ಲ ಸೇರಿ ನಾಲ್ಕು ಗ್ಯಾಲನ್, ಅಂದರೆ ಸುಮಾರು 15 ಲೀಟರ್ ಹಿಡಿಯಿತು.

ಆಂಟಿಫ್ರೀಜ್ ಕೊಳ್ಳುವಾಗ ಬಣ್ಣ ನೋಡಿ ಮೋಸಹೋಗಬೇಡಿ. ಕಾರಿನ ಕೂಲೆಂಟ್ ಕೂಡ ಗುಲಾಬಿಯಾಗಿರಬಹುದು. ಕಾರಿನದರಲ್ಲಿ ಸಾಮಾನ್ಯವಾಗಿ ಇರುವ ಎಥಿಲೀನ್ ಗ್ಲೈಕಾಲ್ ವಿಷ, ತಟ್ಟೆ ಲೋಟ ತೊಳೆಯುವ ಯಂತ್ರದೊಳಗೆ ಅದು ಹೋಗಲೇಬಾರದು. ಆರ್‌ವಿಗೆಂದೇ ಮಾರುವ, ಪ್ರೊಪಿಲೀನ್ ಗ್ಲೈಕಾಲ್ ಎಂದು ಬರೆದಿರುವ ಕ್ಯಾನನ್ನೇ ತನ್ನಿ. ಅದರ ಮೇಲಿನ ‘ಮೈನಸ್ 50’ ಫ್ಯಾರನ್‌ಹೀಟ್ ಲೆಕ್ಕ, ಮತ್ತು ಅದು ಕೊಳವೆ ಒಡೆಯದಿರುವ ಮಿತಿಯೇ ಹೊರತು ದ್ರವವಾಗಿ ಉಳಿಯುವ ಮಿತಿಯಲ್ಲ. ಅದಕ್ಕೆ ಬಹಳ ಮೊದಲೇ ಅದು ಗಂಜಿಯಂತೆ ಗಟ್ಟಿಯಾಗುವುದರಿಂದ ನಡುಚಳಿಯಲ್ಲಿ ಮೆಷಿನ್ ತಿರುಗಿಸಿ ಪರೀಕ್ಷಿಸುವ ಗೋಜಿಗೆ ಹೋಗಬಾರದು.

ವಸಂತದಲ್ಲಿ ಆ ಆಂಟಿಫ್ರೀಜನ್ನು ತೊಳೆದು ತೆಗೆಯುವುದೂ ಒಂದು ಕೆಲಸವೇ. ಸೋಪು ಹಾಕದೆ, ಬಟ್ಟೆ ಹಾಕದೆ ಓಡಿಸಿದರೂ ಗಾಜಿನ ಬಾಗಿಲ ತುಂಬ ನೊರೆ ಎದ್ದಿತು. ಮೂರನೆಯ ಸುತ್ತಿಗೆ ನೊರೆ ನಿಂತು ನೀರು ತಿಳಿಯಾಯಿತು; ಮೈಸೂರಿನಿಂದ ಬಂದಿರುವ ಅಮ್ಮನ ಹತ್ತಿ ಸೀರೆಗಳನ್ನು ನಾಲ್ಕನೆಯ ಸುತ್ತಿಗೆ ಹಾಕಿದೆವು.