ರಿವಾಕ್ಸ್ ಎ77: ಅಟ್ಟದ ಮೇಲಿನ ಸ್ಪೂಲುಗಳಿಗೆ ಈಗಲೂ ತಕ್ಕ ಯಂತ್ರವೇ?

ಸಂಗೀತ ಕಚೇರಿ, ತಾಳಮದ್ದಳೆ, ಹರಿಕಥೆ, ಮದುವೆಮನೆಯ ಹಾಡು ತುಂಬಿದ ಹಳೇ ಸ್ಪೂಲುಗಳನ್ನು ಕಂಪ್ಯೂಟರಿಗೆ ಇಳಿಸಿಕೊಳ್ಳಬೇಕು ಎನ್ನುವವರಿಗೆ ರಿವಾಕ್ಸ್ ಎ77 ಎಂಬ ಹಳೇ ಸ್ಪೂಲ್ ಟೇಪ್ ರೆಕಾರ್ಡರ್ ಇವತ್ತಿಗೂ ಒಳ್ಳೆಯ ಆಯ್ಕೆ. ಹೊಸದಾಗಿ ರೆಕಾರ್ಡ್ ಮಾಡುವ ಶೋಕಿಗಾದರೆ ಬೇಡ. ಹೊಸ ಟೇಪು ದುಬಾರಿ, ಅಲ್ಲದೆ ಆ ಕೆಲಸವನ್ನು ಸಾಧಾರಣ ಡಿಜಿಟಲ್ ರೆಕಾರ್ಡರ್ ಇದಕ್ಕಿಂತ ಚೆನ್ನಾಗಿ ಮಾಡುತ್ತದೆ.

ಸ್ವಿಟ್ಜರ್ಲೆಂಡಿನ ಸ್ಟೂಡರ್ ಕಂಪನಿ 1967ರಿಂದ 1977ರವರೆಗೆ ಇದನ್ನು ತಯಾರಿಸಿತು, ಆಮೇಲೆ ಬಿ77 ಬಂತು. ಒಳಗೆ ಮೂರು ಮೋಟಾರ್: ಎರಡು ಸ್ಪೂಲಿಗೆ, ಒಂದು ಟೇಪನ್ನು ಎಳೆಯುವ ಕಡ್ಡಿಯಾದ ಕ್ಯಾಪ್‌ಸ್ಟನ್‌ಗೆ. ಟೇಪ್ ಎಳೆಯುವ ದಾರಿಯಲ್ಲಿ ಬೆಲ್ಟ್ ಇಲ್ಲ, ಇರುವ ಒಂದೇ ಒಂದು ಸಣ್ಣ ಬೆಲ್ಟ್ ಕೌಂಟರಿನದು. ಐವತ್ತು ವರ್ಷ ಹಳೆಯ ಯಂತ್ರದಲ್ಲಿ ಇದು ದೊಡ್ಡ ಲಾಭ. ಕ್ಯಾಪ್‌ಸ್ಟನ್ ವೇಗವನ್ನು ಹಿಡಿದಿಡುವುದು ಅಳೆದಳೆದು ತಾನೇ ತಿದ್ದುವ ಎಲೆಕ್ಟ್ರಾನಿಕ್ ಸರ್ವೋ, ಮನೆಯ ಕರೆಂಟಿನ ಫ್ರೀಕ್ವೆನ್ಸಿ ಅಲ್ಲ. ಹಾಗಾಗಿ ವೋಲ್ಟೇಜ್ ಏರಿಳಿದರೂ ಶ್ರುತಿ ಕದಲುವುದಿಲ್ಲ, ತಂಬೂರಿ ನಾದವಿರುವ ರೆಕಾರ್ಡಿಂಗುಗಳಲ್ಲಿ ಇದರ ಬೆಲೆ ಗೊತ್ತಾಗುತ್ತದೆ.

ಕೊಳ್ಳುವ ಮುನ್ನ ಟೇಪಿನ ಸದ್ದನ್ನು ಓದುವ ಹೆಡ್ ನೋಡಿ. ಎ77 ಹಾಫ್ ಟ್ರ್ಯಾಕ್, ಕ್ವಾರ್ಟರ್ ಟ್ರ್ಯಾಕ್ ಎಂದು ಎರಡು ಬಗೆಯಲ್ಲಿ ಸಿಗುತ್ತದೆ: ಟೇಪಿನ ಅಗಲವನ್ನು ಎರಡು ಪಟ್ಟಿಗಳಾಗಿ ಬಳಸುವುದು ಹಾಫ್, ನಾಲ್ಕಾಗಿ ಬಳಸುವುದು ಕ್ವಾರ್ಟರ್. ಹೆಡ್‌ನ ಮುಖದಲ್ಲಿ ಎರಡು ಕಂಬಗಳು ತಲಾ 2 ಮಿ.ಮೀ. ಅಗಲವಿದ್ದು ಟೇಪಿನ ಅಗಲವನ್ನೆಲ್ಲ ಹಂಚಿಕೊಂಡಿದ್ದರೆ ಹಾಫ್, ತಲಾ 1 ಮಿ.ಮೀ. ಇದ್ದು ನಡುವೆ ಜಾಗ ಬಿಟ್ಟಿದ್ದರೆ ಕ್ವಾರ್ಟರ್. ಆಡಿಯೋ ಶೋಕಿಲಾಲರು ಹಾಫ್ ಟ್ರ್ಯಾಕಿಗೆ ಹೆಚ್ಚು ದುಡ್ಡು ಕೊಡುತ್ತಾರೆ. ಮನೆಯ ಸ್ಪೂಲುಗಳ ಕೆಲಸಕ್ಕೆ ಬೇಕಾದದ್ದು ಕ್ವಾರ್ಟರ್. ನಾಲ್ಕು ಟ್ರ್ಯಾಕಿನ ಟೇಪನ್ನು ಹಾಫ್ ಟ್ರ್ಯಾಕ್ ಹೆಡ್‌ನಲ್ಲಿ ಓಡಿಸಿದರೆ ಹಾಡಿನ ಜೊತೆಗೆ ಇನ್ನೊಂದು ಮಗ್ಗುಲಿನ ಹಾಡು ಉಲ್ಟಾ ಕೇಳಿಸುತ್ತದೆ, ಅದನ್ನು ಆಮೇಲೆ ಬೇರ್ಪಡಿಸಲು ಬರುವುದಿಲ್ಲ. ಹಾಫ್ ಟ್ರ್ಯಾಕ್ ಟೇಪನ್ನು ಕ್ವಾರ್ಟರ್ ಹೆಡ್‌ನಲ್ಲಿ ಓಡಿಸಿದರೆ ಆಗುವ ನಷ್ಟ ಸ್ವಲ್ಪ ಹೆಚ್ಚಿನ ಹಿಸ್ (ಹಿನ್ನೆಲೆಯ ಸುಯ್ಯೆನ್ನುವ ಸದ್ದು) ಮಾತ್ರ.

ಇದರಲ್ಲೊಂದು ಉಪಾಯವೂ ಇದೆ. ಹಾಫ್ ಟ್ರ್ಯಾಕ್ ಮೋನೋ ಟೇಪನ್ನು ಕ್ವಾರ್ಟರ್ ಹೆಡ್‌ನಲ್ಲಿ ಒಮ್ಮೆ ಓಡಿಸಿದರೆ ಎಡ ಚಾನಲ್‌ನಲ್ಲಿ ಮೊದಲ ಮಗ್ಗುಲು ನೇರವಾಗಿ, ಬಲ ಚಾನಲ್‌ನಲ್ಲಿ ಎರಡನೇ ಮಗ್ಗುಲು ಉಲ್ಟಾ ಸಿಗುತ್ತದೆ. ಬಲ ಚಾನಲನ್ನು ಸಾಫ್ಟ್‌ವೇರಿನಲ್ಲಿ ರಿವರ್ಸ್ ಮಾಡಿದರೆ ಮುಗಿಯಿತು. 540 ಮೀಟರ್ ಟೇಪು ಸೆಕೆಂಡಿಗೆ 9.5 ಸೆಂ.ಮೀ. ವೇಗದಲ್ಲಿ ಸುಮಾರು 95 ನಿಮಿಷ ಓಡುತ್ತದೆ, ಅಷ್ಟೂ ಹೊತ್ತು ಉಳಿತಾಯ. ನಾಜೂಕಾದ ಟೇಪು ಹೆಡ್ ಮೇಲೆ ಎರಡನೇ ಸಲ ಉಜ್ಜುವುದೂ ತಪ್ಪುತ್ತದೆ.

ದೊಡ್ಡ ಕೊರತೆಯೆಂದರೆ 4.75 ಸೆಂ.ಮೀ. ವೇಗ ಇಲ್ಲ. ಸಾಮಾನ್ಯ ಎ77ರಲ್ಲಿ ಇರುವುದು 9.5 ಮತ್ತು 19 ಮಾತ್ರ. ಟೇಪು ಉಳಿಸಲೆಂದು ಮನೆಗಳಲ್ಲಿ ನಿಧಾನದ ವೇಗದಲ್ಲೇ ರೆಕಾರ್ಡ್ ಮಾಡಿದ್ದುಂಟು. ಅಂಥವನ್ನು 9.5ರಲ್ಲಿ ಓಡಿಸಿ 96 ಕಿಲೋಹರ್ಟ್ಸ್‌ನಲ್ಲಿ ಸೆರೆಹಿಡಿದು, ಫೈಲನ್ನು 48 ಎಂದು ಗುರುತು ಬದಲಿಸಿದರೆ ಸರಿಯಾದ ವೇಗಕ್ಕೆ ಬರುತ್ತದೆ. ತಾರಸ್ವರಗಳ ಸಮತೋಲ ಮಾತ್ರ ಕೆಟ್ಟಿರುತ್ತದೆ, ಈಕ್ವಲೈಸರ್‌ನಲ್ಲಿ ತಿದ್ದಿಕೊಳ್ಳಬೇಕು.

ತಂದ ತಕ್ಷಣ ಪ್ಲಗ್ ಹಾಕಬೇಡಿ. ಮೊದಲು ವೋಲ್ಟೇಜ್ ಸೆಲೆಕ್ಟರ್ 240ರಲ್ಲಿ ಇದೆಯೇ ನೋಡಿ. ಮೇನ್ಸ್ ದಾರಿಯಲ್ಲಿರುವ 0.1 ಮೈಕ್ರೋಫ್ಯಾರಡ್‌ನ ಪಾರದರ್ಶಕ ಹಳದಿ ರೀಫಾ ಕೆಪಾಸಿಟರ್ ಹೊರಕವಚ ಬಿರುಕು ಬಿಟ್ಟು ತೇವ ಹೀರಿಕೊಂಡಿರುತ್ತದೆ. ಕರೆಂಟ್ ಕೊಟ್ಟ ಕೆಲ ನಿಮಿಷದಲ್ಲಿ ಅದು ಸಿಡಿದು ಮನೆಯೆಲ್ಲ ನಾತ ಹೊಡೆಯಬಹುದು. ಅದರ ಜಾಗಕ್ಕೆ 275 ವೋಲ್ಟ್ ಎಸಿ, ಮೇನ್ಸ್‌ಗೆಂದೇ ಮಾಡಿದ ಎಕ್ಸ್2 ದರ್ಜೆಯದನ್ನು ಹಾಕಿ. ಬೆಂಗಳೂರಿನ ಎಸ್.ಪಿ. ರೋಡಿನಲ್ಲಿ ಚಿಲ್ಲರೆ ಕಾಸಿಗೆ ಸಿಗುತ್ತದೆ. ಮೋಟಾರ್ ಕೆಪಾಸಿಟರ್‌ಗಳು, ಪವರ್ ಸಪ್ಲೈನ ಎಲೆಕ್ಟ್ರೋಲೈಟಿಕ್‌ಗಳು, ರೆಕಾರ್ಡ್ ಮತ್ತು ಪ್ಲೇಬ್ಯಾಕ್ ಬೋರ್ಡುಗಳ ಟ್ರಿಮ್‌ಪಾಟ್‌ಗಳು ಇವನ್ನೂ ಒಟ್ಟಿಗೆ ಬದಲಿಸುವುದೇ ಜಾಣತನ. ಆಮೇಲೆ 100 ವಾಟ್‌ನ ಹಳೇ ತಂತಿ ಬಲ್ಬನ್ನು ಸೀರೀಸ್‌ನಲ್ಲಿಟ್ಟು ಆನ್ ಮಾಡಿ. ಬಲ್ಬ್ ಒಮ್ಮೆ ಹೊಳೆದು ಮಂಕಾದರೆ ಸರಿ, ಪೂರ್ತಿ ಉರಿಯುತ್ತಲೇ ನಿಂತರೆ ಒಳಗೆಲ್ಲೋ ಶಾರ್ಟ್ ಇದೆ. ಇದು ಮೇನ್ಸ್ ಕೆಲಸ, ಬೆಸುಗೆ ಅಭ್ಯಾಸವಿಲ್ಲದವರು ಕೈ ಹಾಕದಿರಿ.

ಕ್ಯಾಪ್‌ಸ್ಟನ್ ಯದ್ವಾತದ್ವಾ ವೇಗದಲ್ಲಿ ತಿರುಗಿದರೆ ಮೋಟಾರ್ ಹೋಯಿತೆಂದು ಕೈಚೆಲ್ಲಬೇಡಿ, ಸಾಮಾನ್ಯವಾಗಿ ತಪ್ಪು ಸರ್ವೋ ಬೋರ್ಡಿನ ಕೆಪಾಸಿಟರ್ ಅಥವಾ ಟ್ರಾನ್ಸಿಸ್ಟರ್‌ನದು. ಒಂದು ಚಾನಲ್ ಬಂದು ಹೋಗುತ್ತಿದ್ದರೆ ರಿಲೇ ಮತ್ತು ಬೋರ್ಡಿನ ಕನೆಕ್ಟರ್‌ಗಳನ್ನು ಅನುಮಾನಿಸಿ. ಕಾಂಟ್ಯಾಕ್ಟ್ ಕ್ಲೀನರ್ ತಾಗಿಸಿದ ಕಾಗದದ ಪಟ್ಟಿಯನ್ನು ರಿಲೇ ಕಾಂಟ್ಯಾಕ್ಟುಗಳ ನಡುವೆ ಎಳೆದರೆ ಸಾಕು, ಉಪ್ಪುಕಾಗದ ಮಾತ್ರ ಖಂಡಿತ ಬೇಡ.

ಬಳಕೆಯಲ್ಲಿ ಇದರ ನಿಜವಾದ ಅಪಾಯ ಕೀಲಿಗಳಲ್ಲಿದೆ. ಟೇಪು ನಿಂತಿದೆಯೋ ಓಡುತ್ತಿದೆಯೋ ಎಂದು ಎ77ಗೆ ತಿಳಿಯುವುದಿಲ್ಲ. ಭರ್ರನೆ ಸುತ್ತುತ್ತಿರುವಾಗ ಪ್ಲೇ ಒತ್ತಿದರೆ ಆ ಕ್ಷಣವೇ ಟೇಪನ್ನು ಕ್ಯಾಪ್‌ಸ್ಟನ್‌ಗೆ ಒತ್ತುವ ಪಿಂಚ್ ರೋಲರ್ ಕಚ್ಚಿಕೊಂಡು ಟೇಪು ಹಿಗ್ಗುತ್ತದೆ ಇಲ್ಲವೇ ತುಂಡಾಗುತ್ತದೆ. ಸ್ಟಾಪ್ ಒತ್ತಿ, ಎರಡೂ ಸ್ಪೂಲು ನಿಲ್ಲುವುದನ್ನು ಕಣ್ಣಾರೆ ನೋಡಿ, ಆಮೇಲೆ ಪ್ಲೇ. ಬಿ77ರಲ್ಲಿ ಈ ತೊಂದರೆ ಇಲ್ಲ. ಮನೆಯಲ್ಲಿ ಬೇರೆಯವರೂ ಮುಟ್ಟುವ ಹಾಗಿದ್ದರೆ ಹೆಚ್ಚು ಕೊಟ್ಟಾದರೂ ಅದನ್ನೇ ತನ್ನಿ. 18 ಮೈಕ್ರಾನ್ ದಪ್ಪದ ಟ್ರಿಪಲ್ ಪ್ಲೇ ಟೇಪನ್ನಂತೂ ಇದರಲ್ಲಿ ವೇಗವಾಗಿ ಸುತ್ತಲೇಬಾರದು. ಎಡಬಲ ಎರಡೂ ಕಡೆ ಒಂದೇ ಅಳತೆಯ ಸ್ಪೂಲ್ ಹಾಕಿ, ಟೆನ್ಷನ್ ಸ್ವಿಚ್ಚನ್ನು ಅದಕ್ಕೆ ತಕ್ಕಂತೆ ಇಡಿ. ಮೊದಲಲ್ಲಿ ಪಾರದರ್ಶಕ ಲೀಡರ್ ಇದ್ದರೆ ಯಂತ್ರ ತಾನಾಗಿ ನಿಂತುಬಿಡುತ್ತದೆ. ಅದು ಕೆಟ್ಟದ್ದಲ್ಲ, ಟೇಪು ಮುಗಿಯಿತೆಂದು ಬೆಳಕಿನ ಸೆನ್ಸರ್ ಭಾವಿಸುತ್ತದೆ ಅಷ್ಟೆ.

ಯಂತ್ರಕ್ಕಿಂತ ಹೆಚ್ಚು ಗಮನ ಟೇಪಿಗೆ ಬೇಕು. ಸ್ಪೂಲನ್ನು ಬೆಳಕಿಗೆ ಹಿಡಿಯಿರಿ: ಸುತ್ತಿನ ಮೂಲಕ ಬೆಳಕು ತೂರಿದರೆ ಅಸಿಟೇಟ್, ತೂರದಿದ್ದರೆ ಪಾಲಿಯೆಸ್ಟರ್. ಅಸಿಟೇಟ್ ಹಿಗ್ಗದೆ ಫಟ್ಟನೆ ತುಂಡಾಗುತ್ತದೆ. ಆದರೆ ತುದಿಗಳು ಸರಿಯಾಗಿ ಕೂಡುವುದರಿಂದ ಅಂಟಿಸಿದರೆ ಮಾತು ಹಾಳಾಗದು. ವಿನೆಗರ್ ವಾಸನೆ ಬಂದರೆ ಅದನ್ನು ಬೇರೆ ಡಬ್ಬಿಗೆ ಹಾಕಿ ಮೊದಲು ಇಳಿಸಿಕೊಳ್ಳಿ. ಆಂಪೆಕ್ಸ್ 406, 456ರಂಥ ಪಾಲಿಯೆಸ್ಟರ್ ಟೇಪುಗಳು ಅಂಟಂಟಾಗಿ ಕಿರ್ರೆಂದು ಕಿರುಚುತ್ತಾ ಹೆಡ್‌ಗೆ ಕಂದು ಮೆತ್ತುತ್ತವೆ. ಕೂಡಲೇ ನಿಲ್ಲಿಸಿ. ಇವನ್ನು ಸುಮಾರು 54 ಡಿಗ್ರಿ ಸೆಲ್ಸಿಯಸ್‌ನಲ್ಲಿ 8 ಗಂಟೆ ಹಣ್ಣು ಒಣಗಿಸುವ ಡಿಹೈಡ್ರೇಟರ್‌ನಲ್ಲಿಟ್ಟು, ಪೂರ್ತಿ ತಣಿದ ಮೇಲೆ ಓಡಿಸುತ್ತಾರೆ. ಅಡುಗೆಯ ಓವನ್ ಬೇಡ. ಅಸಿಟೇಟನ್ನು ಬಿಸಿ ಮಾಡಲೇಬಾರದು. ಕರಾವಳಿ, ಮಲೆನಾಡಿನ ಸ್ಪೂಲುಗಳ ಅಂಚಿನಲ್ಲಿ ಬಿಳಿ ಬೂಷ್ಟು ಸಾಮಾನ್ಯ. ಮಾಸ್ಕ್ ಹಾಕಿಕೊಂಡು, ಮನೆಯ ಹೊರಗೆ, ನೂಲು ಬಿಡದ ಒಣ ಬಟ್ಟೆಯ ನಡುವೆ ನಿಧಾನವಾಗಿ ಸುತ್ತಿ ಒರೆಸಬೇಕು.

ಹೆಡ್ ಮತ್ತು ಕ್ಯಾಪ್‌ಸ್ಟನ್‌ಗೆ ಐಸೊಪ್ರೊಪೈಲ್ ಆಲ್ಕೋಹಾಲ್, ರಬ್ಬರ್ ಪಿಂಚ್ ರೋಲರ್‌ಗೆ ತೆಳು ಸೋಪುನೀರು. ಪ್ರತಿ ಸ್ಪೂಲಿಗೂ ಅಜಿಮತ್ (ಹೆಡ್‌ನ ವಾಲಿಕೆ) ಹೊಂದಿಸಿ, ಏಕೆಂದರೆ ಅದನ್ನು ರೆಕಾರ್ಡ್ ಮಾಡಿದ ಯಂತ್ರದ ಹೆಡ್ ಎಷ್ಟು ವಾಲಿತ್ತೋ ಅಷ್ಟೇ ಇದೂ ವಾಲಬೇಕು. ಅದನ್ನು ಹೊಂದಿಸುವ ಸ್ಕ್ರೂವಿನ ಮೂಲ ಜಾಗಕ್ಕೆ ಮಾರ್ಕರ್‌ನಲ್ಲಿ ಗೆರೆ ಹಾಕಿ, ಮಾತಿನ ಸಕಾರ, ಶಕಾರ ಅಥವಾ ತಾಳದ ಸದ್ದು ಅತಿ ಚುರುಕಾಗುವವರೆಗೆ ಕಾಲು ಸುತ್ತಿನೊಳಗೆ ಆಚೀಚೆ ತಿರುಗಿಸಿದರೆ ಸಾಕು. ಕಂಬಳಿ ಹೊದ್ದಂತಿದ್ದ ದನಿ ಬಿಚ್ಚಿಕೊಳ್ಳುವುದು ಮುಕ್ಕಾಲು ಪಾಲು ಇಲ್ಲೇ. ದುಬಾರಿ ಕೇಬಲ್‌ಗೆ ದುಡ್ಡು ಹಾಕುವ ಮುಂಚೆ ಈ ಸ್ಕ್ರೂ ತಿರುಗಿಸಿ ನೋಡಿ. ಮುಗಿದ ಮೇಲೆ ರಿವೈಂಡ್ ಮಾಡದೆ, ಪ್ಲೇ ವೇಗದಲ್ಲಿ ಸುತ್ತಿಕೊಂಡ ಹಾಗೆಯೇ ಡಬ್ಬಿಗೆ ಹಾಕಿ ನೆಟ್ಟಗೆ ನಿಲ್ಲಿಸಿಡಿ, ಕೊನೆ ಹೊರಗಿದೆ ಎಂದು ಡಬ್ಬಿಯ ಮೇಲೆ ಬರೆಯಿರಿ.