ಅಲ್ಪವಿರಾಮವೋ, ಕೋಲನ್ ಚಿಹ್ನೆಯೋ: ಇಂಗ್ಲಿಷಿನ ಆಯ್ಕೆಯ ಪ್ರಶ್ನೆಗಳು

ಇಂಗ್ಲಿಷಿನಲ್ಲಿ ಎರಡರಲ್ಲೊಂದನ್ನು ಆರಿಸಿಕೊಳ್ಳುವಂತೆ ಕೇಳುವಾಗ, 'ವಿಚ್ ಡು ಯು ಪ್ರಿಫರ್' ಎಂಬ ಭಾಗಕ್ಕೂ 'ಟೀ ಆರ್ ಕಾಫಿ' ಎಂಬ ಭಾಗಕ್ಕೂ ನಡುವೆ ಅಲ್ಪವಿರಾಮ ಹಾಕಬಹುದು, ಕೋಲನ್ (:) ಹಾಕಬಹುದು, ಇಲ್ಲವೇ ಮೊದಲ ಭಾಗಕ್ಕೇ ಪ್ರಶ್ನಾರ್ಥಕ ಚಿಹ್ನೆಯಿಟ್ಟು ಎರಡನೆಯದನ್ನು ಬೇರೆ ಪ್ರಶ್ನೆಯಾಗಿಸಬಹುದು. ಮೂರೂ ತಪ್ಪಲ್ಲ. ಪತ್ರ, ಇಮೇಲ್‌ಗಳಂಥ ದಿನಬಳಕೆಯ ಬರವಣಿಗೆಗೆ ಅಲ್ಪವಿರಾಮವೇ ಸಾಕು. ಆಯ್ಕೆಗಳು ಉದ್ದವಾಗಿದ್ದು, ಅವುಗಳೊಳಗೇ ಅಲ್ಪವಿರಾಮಗಳು ಬಂದಿದ್ದರೆ ಕೋಲನ್ ಮೇಲು. ಪ್ರಶ್ನೆ ಎಲ್ಲಿ ಮುಗಿದು ಆಯ್ಕೆಗಳು ಎಲ್ಲಿ ಆರಂಭವಾದವೆಂಬುದು ಆಗ ಓದುಗರಿಗೆ ತಟ್ಟನೆ ತಿಳಿಯುತ್ತದೆ. ಎರಡು ಪ್ರಶ್ನಾರ್ಥಕಗಳ ರೂಪ ಸಂಭಾಷಣೆಗೆ ಒಪ್ಪುತ್ತದೆ. ಕಚೇರಿಯ ಟಿಪ್ಪಣಿಯಲ್ಲಿ ತುಸು ನಾಟಕೀಯವೆನಿಸುತ್ತದೆ.

'ವುಡ್ ಯು ಲೈಕ್ ಟೀ ಆರ್ ಕಾಫಿ?' ಎಂಬಲ್ಲಿ ಆಯ್ಕೆಗಳೇ ಕ್ರಿಯಾಪದದ ಕರ್ಮವಾಗಿರುವುದರಿಂದ ನಡುವೆ ಯಾವ ಚಿಹ್ನೆಯೂ ಬೇಡ. ಆದರೆ ಇದಕ್ಕೆ ಬರೀ 'ಯೆಸ್' ಎಂಬ ಉತ್ತರ ಬರುವ ಅಪಾಯವುಂಟು: ಮಾತಿನಲ್ಲಾದರೆ ಕೊನೆಗೆ ಇಳಿಯುವ ಸ್ವರ ಎರಡರಲ್ಲೊಂದನ್ನು ಹೇಳಬೇಕೆಂದು ಸೂಚಿಸುತ್ತದೆ, ಬರಹದಲ್ಲಿ ಆ ನೆರವಿಲ್ಲ. ಖಚಿತ ಉತ್ತರ ಬೇಕಾದಾಗ 'ವಿಚ್' ಎಂದು ಆರಂಭಿಸುವುದೇ ನನ್ನ ಆಯ್ಕೆ. ಇನ್ನು 'ಶಲ್ ವಿ ಲೀವ್ ನೌ, ಆರ್ ಶಲ್ ವಿ ವೇಟ್?' ಎಂಬಂತೆ ಎರಡು ಪೂರ್ಣ ಉಪವಾಕ್ಯಗಳಿದ್ದರೆ 'ಆರ್'ಗೆ ಮುಂಚೆ ಅಲ್ಪವಿರಾಮ, ಕೊನೆಯಲ್ಲಿ ಒಂದೇ ಪ್ರಶ್ನಾರ್ಥಕ.