ನಲ್ಲಿಯ ಬಿಳಿ ಕಲೆಗೆ ನಿಂಬೆ ಉಪ್ಪು ಬಳಸಿ ನೋಡಿದೆ
ಕಲಬುರಗಿಯ ನಮ್ಮ ಬಾಡಿಗೆ ಮನೆಗೆ ಬರುವುದು ಬೋರ್ ನೀರು. ನಲ್ಲಿ, ಬಕೆಟ್ ಮೇಲೆಲ್ಲಾ ಬಿಳಿ ಪದರ. ಸೂಪರ್ ಮಾರ್ಕೆಟ್ ಹತ್ತಿರದ ಕಿರಾಣಿ ಅಂಗಡಿಯಿಂದ ನಿಂಬೆ ಉಪ್ಪು, ಅಂದರೆ ಸಿಟ್ರಿಕ್ ಆಸಿಡ್ ಹರಳು ತಂದೆ. 1 ಲೋಟ ಬಿಸಿನೀರಿಗೆ 2 ಚಮಚ ಕರಗಿಸಿ, ಅದರಲ್ಲಿ ಅದ್ದಿದ ಹಳೆ ಬಟ್ಟೆಯನ್ನು ನಲ್ಲಿಗೆ ಸುತ್ತಿ, ರೊಟ್ಟಿ ಬಡಿದು ಮುಗಿಸುವಷ್ಟು ಹೊತ್ತು ಬಿಟ್ಟು ಬಂದು ಬ್ರಷ್‌ನಿಂದ ತಿಕ್ಕಿದರೆ ಪದರ ಹಿಟ್ಟಿನ ಹಾಗೆ ಉದುರಿತು. ಆಸಿಡ್ ಬಾಟಲಿಯ ಘಾಟು ಇಲ್ಲ. ತುಂಬಾ ಖುಷಿಯಾಯ್ತು.

ಆದರೆ ನೆಲಕ್ಕೆ ಬೀಳದಂತೆ ನೋಡಿಕೊಳ್ಳಿ. ನಮ್ಮ ಕಡೆ ಶಹಾಬಾದ್ ಕಲ್ಲಿನ ನೆಲವೇ ಜಾಸ್ತಿ ಅಲ್ವಾ, ಅದು ಸುಣ್ಣದ ಕಲ್ಲು, ಹುಳಿ ತಾಗಿದರೆ ಮಂಕಾಗುತ್ತದೆ. ನನ್ನ ಬಚ್ಚಲಲ್ಲಿ ಅಂಗೈಯಷ್ಟು ಜಾಗ ಹಾಗೇ ಹಾಳಾಯ್ತು, ಮನೆ ಬಿಡುವಾಗ ಅಡ್ವಾನ್ಸ್‌ನಲ್ಲಿ ಮುರಿದುಕೊಂಡರೆ ಅನ್ನೋ ಚಿಂತೆ. ಬ್ಲೀಚಿಂಗ್ ಪೌಡರ್ ಜೊತೆ ಬೆರೆಸಲೇಬೇಡಿ, ವಿಷಗಾಳಿ ಏಳುತ್ತದೆ.